ಏಪ್ರಿಲ್ ಬಿಸಿಲಿನ ಕನ್ನಡಕ, ಜುಲೈ ತಿಂಗಳ ತರಗತಿ

ವಾರ್ಷಿಕ ಪರೀಕ್ಷೆ ಮುಗಿದು ಶಾಲೆ ಮತ್ತೆ ತೆರೆಯುವ ನಡುವಿನ ದಿನಗಳಲ್ಲಿ ಬಿ.ಸಿ.ರೋಡು, ಬೆಳ್ತಂಗಡಿ, ಮೂಡುಬಿದಿರೆಗಳ ಕನ್ನಡಕದ ಅಂಗಡಿಗಳಲ್ಲಿ ಮಕ್ಕಳೊಂದಿಗೆ ಬಂದು ಕೂತ ಹೆತ್ತವರನ್ನು ಕಾಣುವುದು ಸಾಮಾನ್ಯ. ಹೊಸ ತರಗತಿಗೆ ಹೋಗುವ ಮುನ್ನ ಕಣ್ಣು ಪರೀಕ್ಷೆ ಮಾಡಿಸಿ, ಪವರ್ ಬದಲಾಗಿದ್ದರೆ ಹೊಸ ಕನ್ನಡಕ ಮಾಡಿಸುವ ಕಾಲ ಅದು. ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಪವರ್ ಎಷ್ಟೆಂಬುದು ಸ್ಪಷ್ಟವಾಗಿ ಇರುತ್ತದೆ. ಆದರೆ ಗಾಜಿಗೆ ಬಣ್ಣ ಬೇಕೇ ಬೇಡವೇ ಎಂಬ ಪ್ರಶ್ನೆ ಹೆಚ್ಚಾಗಿ ಏಳುವುದು ಅಂಗಡಿಯ ಮೇಜಿನ ಮುಂದೆ.

ಪುಂಜಾಲಕಟ್ಟೆ ಕಡೆಯ ಅಡಿಕೆ ಕೃಷಿಕರೊಬ್ಬರು ಒಂಬತ್ತನೇ ತರಗತಿಗೆ ಹೋಗಲಿರುವ ಮಗಳನ್ನು ಕರೆದುಕೊಂಡು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ‘ಬಿಸಿಲಿಗೆ ಹೋದರೆ ಕಣ್ಣು ಬಿಡಲಿಕ್ಕೇ ಆಗುವುದಿಲ್ಲ ಅಪ್ಪಾ’ ಎನ್ನುತ್ತಾಳೆ ಮಗಳು. ‘ಹಾಗಾದರೆ ಸ್ವಲ್ಪ ಕಲರ್ ಇರುವುದನ್ನೇ ಹಾಕಿ ಮಾರಾಯ್ರೆ’ ಎನ್ನುತ್ತಾರೆ ತಂದೆ. ಅಂಗಡಿಯ ಹೊರಗೆ ಕಣ್ಣು ಕೋರೈಸುವ ಬಿಸಿಲು. ನಮ್ಮ ಈ ಮೂರೂ ಊರುಗಳು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಹೊತ್ತಿನಲ್ಲಿ ಬಣ್ಣದ ಗಾಜಿನ ಮೂಲಕ ನೋಡಿದರೆ ಯಾರಿಗಾದರೂ ‘ಹಾಯ್’ ಎನಿಸುತ್ತದೆ. ವ್ಯಾಪಾರ ಕುದುರುತ್ತದೆ.

ತೊಂದರೆ ಶುರುವಾಗುವುದು ಆರೇಳು ವಾರಗಳ ನಂತರ. ಏಪ್ರಿಲ್‌ನಲ್ಲಿ ಆರಿಸಿದ ಕನ್ನಡಕವನ್ನು ಆ ಹುಡುಗಿ ಹಾಕಿಕೊಂಡು ಕೂರಬೇಕಾದುದು ಜೂನ್, ಜುಲೈ ತಿಂಗಳ ತರಗತಿಯಲ್ಲಿ. ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಟಿ ತಿಂಗಳ ಜಡಿಮಳೆಗೆ ಕಿಟಕಿ ಮುಚ್ಚಿ, ಕರೆಂಟೂ ಹೋದರೆ ಹಂಚಿನ ಮಾಡಿನ ತರಗತಿಯಲ್ಲಿ ಬೆಳಗ್ಗೆ ಹನ್ನೊಂದಕ್ಕೇ ಮುಸ್ಸಂಜೆ. ‘ಬೋರ್ಡು ಕಾಣುವುದಿಲ್ಲ’ ಎಂದು ಮಗಳು ಮನೆಗೆ ಬಂದು ಹೇಳಿದರೆ, ಪವರ್ ಮತ್ತೆ ಏರಿತೆಂದು ಹೆತ್ತವರು ಗಾಬರಿಯಾಗುತ್ತಾರೆ. ಪವರ್ ಸರಿಯಾಗಿಯೇ ಇರಬಹುದು, ಬಣ್ಣ ತಪ್ಪಿರಬಹುದು.

ಒಂದೇ ಬಣ್ಣ, ಎರಡು ಲೋಕ

ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನೇರ ಬಿಸಿಲಿರುವ ಅಂಗಳದಲ್ಲಿ ಬೆಳಕು ಒಂದು ಲಕ್ಷ ಲಕ್ಸ್‌ವರೆಗೂ ಇರಬಹುದು. ಓದಲು ಬರೆಯಲು ತರಗತಿಯಲ್ಲಿ ಬೇಕೆಂದು ಹೇಳುವುದು ಸುಮಾರು 300 ಲಕ್ಸ್. ಮಳೆಗಾಲದ ಮಬ್ಬಿನಲ್ಲಿ, ದೀಪವಿಲ್ಲದಾಗ, ಅದು 100ಕ್ಕೂ ಇಳಿಯಬಹುದು.

ಈಗ ಸಣ್ಣ ಲೆಕ್ಕ ಮಾಡಿ ನೋಡಬಹುದು. ಗಾಜಿಗೆ ನೂರಕ್ಕೆ 20ರಷ್ಟು ಬಣ್ಣ ಹಾಕಿಸಿದರೆ ಅಷ್ಟು ಬೆಳಕು ತಡೆದು ಉಳಿದ 80 ಪಾಲು ಕಣ್ಣಿಗೆ ತಲುಪುತ್ತದೆ. ಅಂಗಳದ ಒಂದು ಲಕ್ಷ 80 ಸಾವಿರವಾಗುತ್ತದೆ. ಕಣ್ಣಿಗೆ ಇದರಿಂದ ಹೇಳಿಕೊಳ್ಳುವಂಥ ನೆಮ್ಮದಿಯಿಲ್ಲ. 50 ಪಾಲು ತಡೆದರೂ ಅಂಗಳದಲ್ಲಿ 50 ಸಾವಿರ ಲಕ್ಸ್ ಉಳಿಯುತ್ತದೆ. ಆದರೆ ಕತ್ತಲ ತರಗತಿಯಲ್ಲಿ ಮೊದಲೇ ಸಾಲದಿದ್ದ 100 ಲಕ್ಸ್ 50ಕ್ಕೆ ಇಳಿಯುತ್ತದೆ. ಪ್ರಖರ ಬಿಸಿಲಿಗೆಂದೇ ತಯಾರಾಗುವ ಕೂಲಿಂಗ್ ಗ್ಲಾಸುಗಳು ಅಂತಾರಾಷ್ಟ್ರೀಯ ವರ್ಗೀಕರಣದ ಪ್ರಕಾರ ನೂರರಲ್ಲಿ 8ರಿಂದ 18 ಪಾಲು ಬೆಳಕನ್ನು ಮಾತ್ರ ಒಳಬಿಡುತ್ತವೆ. ಅವನ್ನು ಹಾಕಿಕೊಂಡು ತರಗತಿಯಲ್ಲಿ ಕೂರುವುದು ಸಾಧ್ಯವೇ ಇಲ್ಲ.

ಅಂದರೆ, ಬಿಸಿಲಿಗೆ ಸಾಲುವ ಬಣ್ಣ ತರಗತಿಗೆ ಆಗದು; ತರಗತಿಗೆ ಆಗುವ ಬಣ್ಣ ಬಿಸಿಲಿಗೆ ಸಾಲದು. ದಿನವಿಡೀ ಒಂದೇ ಕನ್ನಡಕ ಹಾಕಿಕೊಳ್ಳುವ ವಿದ್ಯಾರ್ಥಿಗೆ ಶಾಶ್ವತ ಬಣ್ಣದ ಗಾಜು ಹೊಂದುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕು. ಮೇಲೆ ಗಾಢ, ಕೆಳಗೆ ತಿಳಿ ಇರುವ ಬಣ್ಣವನ್ನು ಕೆಲವರು ಸೂಚಿಸುವುದುಂಟು. ಆದರೆ ಪುಸ್ತಕವನ್ನು ಕೆಳಭಾಗದಿಂದ ನೋಡುವ ವಿದ್ಯಾರ್ಥಿ ಬೋರ್ಡನ್ನು ನೋಡುವುದು ಅದೇ ಗಾಢವಾದ ಮೇಲ್ಭಾಗದಿಂದ ಎಂಬುದನ್ನು ಮರೆಯುವಂತಿಲ್ಲ.

ಹಿಂದೆ ನಮ್ಮ ಊರುಗಳಲ್ಲಿ ‘ಎಸ್‌ಪಿ ಟೂ’, ‘ಕ್ರೂಕ್ಸ್’ ಎಂಬ ಹೆಸರಿನ ತೆಳು ಬಣ್ಣದ ಗಾಜುಗಳು ಚೆನ್ನಾಗಿ ಚಾಲ್ತಿಯಲ್ಲಿದ್ದವು. ಕ್ರೂಕ್ಸ್ ಎಂಬುದು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಸರ್ ವಿಲಿಯಂ ಕ್ರೂಕ್ಸ್ ಅವರ ಹೆಸರು. ಕುಲುಮೆಯ ಮುಂದೆ ಕೆಲಸ ಮಾಡುವ ಗಾಜಿನ ಕಾರ್ಮಿಕರ ಕಣ್ಣು ಕಾಪಾಡಲೆಂದು ಅವರು ಸೀರಿಯಂ ಮುಂತಾದ ಲೋಹಗಳನ್ನು ಬೆರೆಸಿ ತಯಾರಿಸಿದ ಗಾಜುಗಳ ವಿವರ 1914ರಲ್ಲಿ ಪ್ರಕಟವಾಯಿತು. ಕುಲುಮೆಯ ಮುಂದೆ ನಿಲ್ಲುವವನಿಗಾಗಿ ಹುಟ್ಟಿದ ಗಾಜು ಕ್ರಮೇಣ ಎಲ್ಲರ ಮೂಗಿನ ಮೇಲೂ ಬಂದು ಕೂತಿತು.

ಬಿಸಿಲಿಗೆ ಕಪ್ಪಾಗುವ ಗಾಜು

ಹಾಗಾದರೆ ಹೊರಗೆ ಹೋದಾಗ ಕಪ್ಪಾಗಿ, ಒಳಗೆ ಬಂದಾಗ ತಿಳಿಯಾಗುವ ಗಾಜೇ ಪರಿಹಾರವಲ್ಲವೇ? ಫೋಟೋಕ್ರೋಮಿಕ್ ಎನ್ನುವ ಈ ಗಾಜಿಗೆ ‘ಫೋಟೋಗ್ರೇ’, ‘ಫೋಟೋಸನ್’ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಅಮೆರಿಕದ ಕಾರ್ನಿಂಗ್ ಗ್ಲಾಸ್ ವರ್ಕ್ಸ್ ಸಂಸ್ಥೆಯ ವಿಲಿಯಂ ಆರ್ಮಿಸ್ಟೆಡ್ ಮತ್ತು ಡೊನಾಲ್ಡ್ ಸ್ಟೂಕಿ ಇದರ ವಿವರವನ್ನು 1964ರಲ್ಲಿ ಪ್ರಕಟಿಸಿದರು. ಹಳೆಯ ಕಪ್ಪು ಬಿಳುಪು ಫೋಟೋ ಫಿಲ್ಮಿನಲ್ಲಿರುವಂಥದೇ ಬೆಳ್ಳಿಯ ಲವಣದ ಅತಿ ಸೂಕ್ಷ್ಮ ಹರಳುಗಳು ಈ ಗಾಜಿನೊಳಗಿವೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಾಗಿದಾಗ ಬೆಳ್ಳಿ ಬೇರ್ಪಟ್ಟು ಗಾಜು ಕಪ್ಪಾಗುತ್ತದೆ. ಫಿಲ್ಮಿನಲ್ಲಿ ಹಾಗೆ ಕಪ್ಪಾದದ್ದು ಮತ್ತೆ ಬಿಳಿಯಾಗದು. ಗಾಜಿನಲ್ಲಾದರೋ ಬೇರ್ಪಟ್ಟದ್ದು ಎಲ್ಲಿಗೂ ತಪ್ಪಿಸಿಕೊಳ್ಳಲಾರದೆ, ಕಿರಣ ನಿಂತೊಡನೆ ಮರಳಿ ಕೂಡಿಕೊಳ್ಳುತ್ತದೆ.

ಅಂಗಡಿಗಳಲ್ಲಿ ‘ಫೈಬರ್’ ಎಂದು ಕರೆಯುವ ಪ್ಲಾಸ್ಟಿಕ್ ಗಾಜಿನಲ್ಲಿ ಬೆಳ್ಳಿಯಿಲ್ಲ. ಅದರ ಬದಲು ಇಂಗಾಲದ ಸಂಯುಕ್ತಗಳಿವೆ. ನೇರಳಾತೀತ ಕಿರಣ ಬಿದ್ದಾಗ ಅಣುವಿನ ಒಂದು ಕೊಂಡಿ ಕಳಚಿ, ಮಡಿಸಿದ ಕೊಡೆ ಬಿಚ್ಚಿಕೊಂಡಂತೆ ಅಣು ಹರಡಿಕೊಂಡು ಬೆಳಕನ್ನು ಹೀರುತ್ತದೆ. ಟ್ರಾನ್ಸಿಶನ್ಸ್ ಎಂಬ ಅಮೆರಿಕದ ಸಂಸ್ಥೆ 1991ರಲ್ಲಿ ಇಂಥ ಪ್ಲಾಸ್ಟಿಕ್ ಗಾಜನ್ನು ಮಾರುಕಟ್ಟೆಗೆ ತಂದ ಮೇಲೆ ಹಳೆಯ ಭಾರದ ಗಾಜು ಹಿಂದೆ ಸರಿಯಿತು.

ಒಳ್ಳೆಯ ವಸ್ತುವೇನೋ ಸರಿ. ಆದರೆ ಅದರ ಸ್ವಭಾವವನ್ನು ಅರಿತು ಕೊಳ್ಳಬೇಕು.

ಮೊದಲನೆಯದು ಸೆಕೆಯ ವಿಚಾರ. ಬಿಚ್ಚಿದ ಅಣುವನ್ನು ಮತ್ತೆ ಮಡಿಸುವುದು ಮುಖ್ಯವಾಗಿ ಶಾಖ. ಸೆಕೆ ಹೆಚ್ಚಿದಷ್ಟೂ ಅಣುಗಳು ಬೇಗ ಬೇಗ ಮಡಿಸಿಕೊಳ್ಳುವುದರಿಂದ ಗಾಜು ಪೂರ್ತಿ ಕಪ್ಪಾಗುವುದಿಲ್ಲ. ತಯಾರಕರು ಹೇಳುವ ಕಪ್ಪು ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. 35 ಡಿಗ್ರಿಯ ಬಂಟ್ವಾಳದ ಮಧ್ಯಾಹ್ನದಲ್ಲಿ ಅಷ್ಟು ಕಪ್ಪನ್ನು ನಿರೀಕ್ಷಿಸುವಂತಿಲ್ಲ. ಅದೇ ಕನ್ನಡಕ ಚಾರ್ಮಾಡಿ ಘಾಟಿ ಹತ್ತಿದ ಮೇಲೆ, ಡಿಸೆಂಬರದ ಬೆಳಗಿನ ಚಳಿಯಲ್ಲಿ, ಬೇಕಾದದ್ದಕ್ಕಿಂತ ಹೆಚ್ಚೇ ಕಪ್ಪಾದೀತು.

ಎರಡನೆಯದು, ಗಾಜಿನ ಹಿಂದಿನ ಗಾಜು. ಕಾರಿನ ಮುಂದಿನ ಗಾಜು ನೇರಳಾತೀತ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ಚಾಲಕನ ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೂ ಸಾಮಾನ್ಯ ಫೋಟೋಕ್ರೋಮಿಕ್ ಗಾಜು ಕಪ್ಪಾಗುವುದು ಕಡಿಮೆ. ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಹಲಗೆಯನ್ನು ಇಳಿಸಿಕೊಂಡರೂ ಇದೇ ಕಥೆ. ಗುರುವಾಯನಕೆರೆಯಿಂದ ವೇಣೂರು ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ತೆರೆದ ಕಿಟಕಿಯ ಪಕ್ಕ ಕೂತವರ ಗಾಜು ಕಪ್ಪಾಗಿ, ಆಚೆ ಬದಿಯವರದು ತಿಳಿಯಾಗಿಯೇ ಉಳಿದರೆ ಅದು ಗಾಜಿನ ದೋಷವಲ್ಲ.

ಮೂರನೆಯದು ವೇಗ. ಕಪ್ಪಾಗಲು ಅರ್ಧ ನಿಮಿಷ, ಒಂದು ನಿಮಿಷ ಸಾಕು. ತಿಳಿಯಾಗಲು ಕೆಲವು ನಿಮಿಷಗಳೇ ಬೇಕು. ಶಾಲಾ ಪ್ರವಾಸದ ಮಕ್ಕಳು ಮಧ್ಯಾಹ್ನದ ಬಿಸಿಲಿನಿಂದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಒಳಗೆ ಕಾಲಿಟ್ಟರೆ ಇದು ಚೆನ್ನಾಗಿ ಗೊತ್ತಾಗುತ್ತದೆ. 1430ರಲ್ಲಿ ಕಟ್ಟಿದ ಆ ಬಸದಿಯ ಒಳಗಿನ ಮಂದ ಬೆಳಕಿಗೆ ಉಳಿದವರ ಕಣ್ಣು ಹೊಂದಿಕೊಳ್ಳುತ್ತಿರುವಾಗ, ಇಂಥ ಕನ್ನಡಕದವರು ಇನ್ನೂ ಗಾಜು ತಿಳಿಯಾಗುವುದನ್ನು ಕಾಯುತ್ತಿರುತ್ತಾರೆ. ಬಿಸಿಲಿನಲ್ಲಿ ನಡೆದು ಬಂದು ಪರೀಕ್ಷೆಯ ಕೋಣೆ ಸೇರುವ ವಿದ್ಯಾರ್ಥಿ ಐದು ನಿಮಿಷ ಮೊದಲೇ ಬಂದು ಕೂತರೆ ಒಳ್ಳೆಯದು.

ಹಳೆಯ ಮಾದರಿಯ, ಬೆಳ್ಳಿ ಬೆರೆತ ಗಾಜಿನದು ಇನ್ನೊಂದು ಸಮಸ್ಯೆ. ದೂರದ್ದು ಕಾಣದ ಮಕ್ಕಳಿಗೆ ಕೊಡುವ ಮೈನಸ್ ಗಾಜು ನಡುವೆ ತೆಳು, ಅಂಚಿನಲ್ಲಿ ದಪ್ಪ. ಬಣ್ಣ ಗಾಜಿನ ದಪ್ಪವನ್ನು ಅವಲಂಬಿಸುವುದರಿಂದ ಹೆಚ್ಚು ಪವರ್ ಇದ್ದರೆ ಅಂಚು ಹೆಚ್ಚು ಕಪ್ಪು, ನಡುಭಾಗ ತಿಳಿ. ಎರಡು ಕಣ್ಣಿನ ಪವರ್‌ನಲ್ಲಿ ದೊಡ್ಡ ಅಂತರವಿದ್ದರೆ ಒಂದೊಂದು ಕಣ್ಣಿಗೆ ಒಂದೊಂದು ಛಾಯೆ. ಬಣ್ಣದ ಪದರವನ್ನು ಮೇಲ್ಮೈಗೆ ಕೊಟ್ಟ ಪ್ಲಾಸ್ಟಿಕ್ ಗಾಜಿನಲ್ಲಿ ಈ ದೋಷವಿಲ್ಲ.

ಕಪ್ಪು ಬೇರೆ, ರಕ್ಷಣೆ ಬೇರೆ

ಗಾಜು ಕಪ್ಪಾದಷ್ಟೂ ಕಣ್ಣಿಗೆ ಸುರಕ್ಷಿತ ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಇದು ಸರಿಯಲ್ಲ. ವರ್ಷಾನುಗಟ್ಟಲೆ ಕಣ್ಣಿಗೆ ಬಿದ್ದು ಕಣ್ಣಿನ ಪೊರೆಗೂ, ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ಹಬ್ಬುವ ಮಾಂಸದ ಬೆಳವಣಿಗೆಗೂ ಕಾರಣವಾಗುವುದು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಅದನ್ನು ತಡೆಯುವುದು ಬಣ್ಣವಲ್ಲ, ಗಾಜಿನ ವಸ್ತು ಅಥವಾ ಅದಕ್ಕೆ ಕೊಟ್ಟ ಲೇಪ. ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟ್ ಗಾಜು ಈ ಕಿರಣಗಳನ್ನು ಪೂರ್ತಿ ಎನ್ನುವಷ್ಟು ತಡೆಯುತ್ತದೆ. ಬಿದ್ದರೂ ಸುಲಭವಾಗಿ ಒಡೆಯದು. ಆಟವಾಡುವ ಮಕ್ಕಳಿಗೆ ಇದು ಹೆಚ್ಚು ಕ್ಷೇಮ. ಅತ್ತ ಜಾತ್ರೆಯಲ್ಲಿ ಮಾರುವ ಕಡುಕಪ್ಪು ಕೂಲಿಂಗ್ ಗ್ಲಾಸು ಏನನ್ನೂ ತಡೆಯದಿರಲೂಬಹುದು. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಕಣ್ಣು ಕಿರಿದಾಗಿಸುವ ಸಹಜ ಅಭ್ಯಾಸವೂ ತಪ್ಪುತ್ತದೆ. ತಡೆಯಿಲ್ಲದ ಕಿರಣಕ್ಕೆ ಬಾಗಿಲು ಅಗಲ ತೆರೆದಂತೆ. ಆದುದರಿಂದ ‘ಯುವಿ 400’ ರಕ್ಷಣೆ ಇದೆಯೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ವಾಹನ ಓಡಿಸುವವರು ಇನ್ನೂ ಒಂದು ವಿಷಯ ಗಮನಿಸಬೇಕು. ನೂರರಲ್ಲಿ 75 ಪಾಲಿಗಿಂತ ಕಡಿಮೆ ಬೆಳಕು ಬಿಡುವ ಗಾಜು ಮುಸ್ಸಂಜೆ ಮತ್ತು ರಾತ್ರಿಯ ಚಾಲನೆಗೆ ಸಲ್ಲದು ಎಂಬುದು ಅಂತಾರಾಷ್ಟ್ರೀಯ ಮಾನದಂಡ. ಹಗಲಿಗೆಂದು ಕೊಂಡ ಬಣ್ಣದ ಕನ್ನಡಕದಲ್ಲೇ ಕಾಲೇಜು ಹುಡುಗನೊಬ್ಬ ಸಂಜೆ ಏಳರ ಹೊತ್ತಿಗೆ ಮಡಂತ್ಯಾರಿನಿಂದ ಬೆಳ್ತಂಗಡಿಗೆ ಬೈಕ್ ಓಡಿಸಿದರೆ, ರಸ್ತೆಯ ಅಂಚಿನಲ್ಲಿ ನಡೆಯುವವರು ಅವನಿಗೆ ತಡವಾಗಿ ಕಾಣುತ್ತಾರೆ. ರಾತ್ರಿಯ ಹೆಡ್‌ಲೈಟಿಗೆಂದು ಮಾರುವ ಹಳದಿ ಗಾಜೂ ಬೆಳಕನ್ನು ಕಡಿಮೆ ಮಾಡುವಂಥದೇ. ಹಗಲಿಗೆ ಬೂದು ಬಣ್ಣ ಉತ್ತಮ; ಅದು ಸಿಗ್ನಲಿನ ಕೆಂಪು ಹಸಿರುಗಳನ್ನು ಕೆಡಿಸುವುದಿಲ್ಲ. ಕಂದು ಬಣ್ಣವೂ ಆದೀತು. ನೀಲಿ, ಕೆಂಪು ಛಾಯೆಗಳು ಚಾಲನೆಗೆ ಬೇಡ.

ಬಿಸಿಲಿಗೆ ಒಂದು ಕಣ್ಣು ಮುಚ್ಚುವ ಮಗು

ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆಯೇ ಇದೆ. ಮಗುವಿಗೆ ಬೆಳಕು ಏಕೆ ಚುಚ್ಚುತ್ತದೆ ಎಂದು ತಿಳಿಯದೆ ಬಣ್ಣದ ಗಾಜು ಹಾಕಿಸುವುದೆಂದರೆ, ಜ್ವರ ಬಂದವನಿಗೆ ಕಂಬಳಿ ಹೊದಿಸಿ ಸುಮ್ಮನಾದಂತೆ. ಏಪ್ರಿಲ್ ಮಧ್ಯಾಹ್ನಕ್ಕೆ ಕಣ್ಣು ಕಿರಿದಾಗಿಸುವುದು ಸಹಜ. ಆದರೆ ಬಿಸಿಲಿಗೆ ಬಂದೊಡನೆ ಮಗು ಮತ್ತೆ ಮತ್ತೆ ಒಂದೇ ಕಣ್ಣನ್ನು ಮುಚ್ಚಿಕೊಳ್ಳುತ್ತಿದ್ದರೆ, ಆ ಕಣ್ಣು ಆಗಾಗ ಹೊರಕ್ಕೆ ವಾಲುವ ಒಂದು ಬಗೆಯ ಮಾಲುಗಣ್ಣಿನ ಸೂಚನೆ ಅದಾಗಿರಬಹುದು. ತುರಿಕೆಯೊಂದಿಗೆ ಕಣ್ಣು ಕೆಂಪಾಗುತ್ತಿದ್ದರೆ ಅಲರ್ಜಿ ಇರಬಹುದು. ನೋವು, ಕೆಂಪು, ಮಂಜು ಮೂರೂ ಕೂಡಿದ್ದರೆ ಕಣ್ಣಿನ ಒಳಗಿನ ಉರಿಯೂತವೋ ಕರಿಗುಡ್ಡೆಯ ಹುಣ್ಣೋ ಇದ್ದೀತು. ಒಂದು ದಿನವೂ ತಡಮಾಡಬಾರದು. ಎಳೆಯ ಕೂಸು ಬೆಳಕಿಗೆ ಮುಖ ತಿರುಗಿಸಿ, ಕಣ್ಣಲ್ಲಿ ನೀರು ಸುರಿಸುತ್ತಿದ್ದು, ಕರಿಗುಡ್ಡೆ ದೊಡ್ಡದಾಗಿ ಕಂಡರೆ ಹುಟ್ಟಿನಿಂದ ಬರುವ ಗ್ಲಾಕೋಮಾ ಇರುವ ಸಂಭವವಿದೆ. ಇವೆಲ್ಲವೂ ಕಣ್ಣಿನ ಡಾಕ್ಟರು ನೋಡಬೇಕಾದವು. ಮೈಬಣ್ಣವೇ ಇಲ್ಲದೆ ಹುಟ್ಟುವ ಮಕ್ಕಳಿಗೆ, ಇನ್ನು ಕೆಲವು ಕಣ್ಣಿನ ರೋಗಗಳಿಗೆ ಬಣ್ಣದ ಗಾಜು ನಿಜಕ್ಕೂ ಬೇಕು. ಅದನ್ನು ಡಾಕ್ಟರೇ ಬರೆದುಕೊಡುತ್ತಾರೆ.

ಹಾಗೆಂದು ಬಿಸಿಲಿಗೆ ಹೆದರಿ ಮಕ್ಕಳನ್ನು ಒಳಗೇ ಕೂರಿಸಬಾರದು. ಚೀನಾದ ಗುವಾಂಗ್‌ಜೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಅಂಥ ಮಕ್ಕಳಲ್ಲಿ ಶೇ. 30.4 ಮಂದಿಗೆ ಸಮೀಪದೃಷ್ಟಿ ದೋಷ ಬಂದರೆ, ಎಂದಿನಂತೆ ಇದ್ದ ಮಕ್ಕಳಲ್ಲಿ ಶೇ. 39.5 ಮಂದಿಗೆ ಬಂದಿತ್ತು. ಬಯಲಿನ ಬೆಳಕು ಬೆಳೆಯುವ ಕಣ್ಣಿಗೆ ಬೇಕು. ಮಧ್ಯಾಹ್ನದ ಪ್ರಖರ ಹೊತ್ತಿಗೆ ಅಂಚಿರುವ ಟೋಪಿಯೋ ಕೊಡೆಯೋ ಸಾಕಾಗುತ್ತದೆ. ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಲೆಗಿಟ್ಟು ದುಡಿದ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಮಕ್ಕಳ ಕನ್ನಡಕಕ್ಕೆ ಒತ್ತಾಯವಾಗಿ ಸೇರಿಸುವ ಇನ್ನೊಂದು ಬಾಬತ್ತು ‘ಬ್ಲೂ ಕಟ್’. ಮೊಬೈಲು, ಕಂಪ್ಯೂಟರುಗಳ ನೀಲಿ ಬೆಳಕಿನಿಂದ ಕಣ್ಣು ಕಾಪಾಡುತ್ತದೆ ಎಂಬುದು ಮಾತು. 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2023ರ ವರದಿ, ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸ ತಗ್ಗಿಸುವಲ್ಲಿ ಇದರಿಂದ ಅಲ್ಪಾವಧಿಯಲ್ಲಿ ಪ್ರಯೋಜನ ಕಾಣದಿರಬಹುದು ಎಂದಿದೆ. ಅಂಗಡಿಯಲ್ಲಿ ನೀಲಿ ಟಾರ್ಚು ಬಿಟ್ಟು ತೋರಿಸುವ ಪರೀಕ್ಷೆ, ಗಾಜು ಆ ಬೆಳಕನ್ನು ತಡೆಯುತ್ತದೆಂದು ತೋರಿಸುತ್ತದೆಯೇ ಹೊರತು ಕಣ್ಣಿಗೆ ಲಾಭವಿದೆಯೆಂದು ಅಲ್ಲ.

ಏನನ್ನು ಆರಿಸಬೇಕು?

ಪ್ರೌಢಶಾಲೆಯವರೆಗಿನ ಮಕ್ಕಳ ಪವರ್ ಆರು ತಿಂಗಳಿಗೋ ವರ್ಷಕ್ಕೋ ಬದಲಾಗುವುದು ಸಾಮಾನ್ಯ. ಹೆಚ್ಚು ಹಣ ಕೊಟ್ಟು ಹಾಕಿಸಿದ ಫೋಟೋಕ್ರೋಮಿಕ್ ಗಾಜು ಹಳತಾಗುವ ಮೊದಲೇ ಪವರ್ ಹಳತಾಗಿರುತ್ತದೆ. ಅವರಿಗೆ ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಗಾಜು ಸಾಕು. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಬಣ್ಣದ ಬದಲು ‘ಎಆರ್‌ಸಿ’ ಲೇಪಕ್ಕೆ ಕೊಡುವುದು ಲೇಸು. ಲೇಪವಿಲ್ಲದ ಗಾಜಿನ ಎರಡು ಮೈಗಳಿಂದ ನೂರರಲ್ಲಿ ಸುಮಾರು 8 ಪಾಲು ಬೆಳಕು ಪ್ರತಿಫಲಿಸಿ ನಷ್ಟವಾಗುತ್ತದೆ. ಒಳ್ಳೆಯ ಲೇಪವಿದ್ದರೆ ಅದರ ಬಹುಪಾಲು ಕಣ್ಣಿಗೇ ತಲುಪುತ್ತದೆ. ಮಳೆಗಾಲದ ತರಗತಿಯಲ್ಲಿ ಆ ಬೆಳಕು ಬೆಲೆಯುಳ್ಳದ್ದು.

ಪವರ್ ನೆಲೆನಿಂತ, ದಿನಕ್ಕೆ ಹತ್ತಾರು ಸಲ ಒಳಗೂ ಹೊರಗೂ ಓಡಾಡುವ ಕಾಲೇಜು ವಿದ್ಯಾರ್ಥಿಗಳಿಗೆ ಫೋಟೋಕ್ರೋಮಿಕ್ ಅನುಕೂಲ. ಕಾರು ಓಡಿಸುವವರಿಗೆ, ಹೆಲ್ಮೆಟ್ಟಿನ ಹಲಗೆ ಇಳಿಸಿಯೇ ಹೋಗುವವರಿಗೆ ಪವರ್ ಇರುವ ಕೂಲಿಂಗ್ ಗ್ಲಾಸ್ ಪ್ರತ್ಯೇಕವಾಗಿ ಇರುವುದೇ ಮೇಲು. ಫೋಟೋಕ್ರೋಮಿಕ್ ಕೊಳ್ಳುವಾಗ ಗಾಜಿನ ಅರ್ಧಕ್ಕೆ ದಪ್ಪ ಕಾಗದ ಮುಚ್ಚಿ ಎರಡು ನಿಮಿಷ ಬಿಸಿಲಲ್ಲಿ ಹಿಡಿದರೆ ಎಷ್ಟು ಕಪ್ಪಾಗುತ್ತದೆಂದು ತಿಳಿಯುತ್ತದೆ. ಆಮೇಲೆ ಒಳಗೆ ಬಿಳಿ ಹಾಳೆಯ ಮೇಲಿಟ್ಟು ಎಷ್ಟು ಹೊತ್ತಿಗೆ ತಿಳಿಯಾಗುತ್ತದೆಂದು ಗಡಿಯಾರ ನೋಡಬೇಕು. ಎರಡು ವರ್ಷ ಕಳೆದ ಮೇಲೆ ಒಂದು ಗಾಜು ಒಡೆದರೆ ಎರಡನ್ನೂ ಬದಲಿಸಬೇಕಾದೀತು. ಹಳತು ಹೊಸತುಗಳ ಛಾಯೆ ಹೊಂದುವುದಿಲ್ಲ.

ಕನ್ನಡಕದ ಖರ್ಚೇ ಭಾರವಾಗುವ ಮನೆಗಳೂ ಇವೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಶಾಲಾ ಮಕ್ಕಳ ಕಣ್ಣು ತಪಾಸಣೆ ನಡೆಸಿ, ಅಗತ್ಯವುಳ್ಳ ಬಡ ಮಕ್ಕಳಿಗೆ ಉಚಿತವಾಗಿ ಕನ್ನಡಕ ಕೊಡುವ ವ್ಯವಸ್ಥೆಯಿದೆ. ಅದು ಬಣ್ಣವಿಲ್ಲದ ಗಾಜೆಂದು ಮಕ್ಕಳು ಕೀಳರಿಮೆ ಪಡಬೇಕಾಗಿಲ್ಲ. ಪವರ್ ಸರಿಯಿದ್ದರೆ ಬೋರ್ಡು ಕಾಣಲು ಬೇಕಾದದ್ದೆಲ್ಲ ಅದರಲ್ಲಿದೆ.

ಪುಂಜಾಲಕಟ್ಟೆಯ ಆ ತಂದೆ ಮಗಳಿಬ್ಬರೂ ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಕನ್ನಡಕ ಹೆಚ್ಚು ಹೊತ್ತು ಎಲ್ಲಿರುತ್ತದೆ? ದಿನದ ಆರೇಳು ಗಂಟೆ ತರಗತಿಯಲ್ಲಿ, ಸಂಜೆ ದೀಪದಡಿ ಪುಸ್ತಕದ ಮುಂದೆ. ಬಿಸಿಲಿನಲ್ಲಿ ಇರುವುದು ಬಸ್ ನಿಲ್ದಾಣದಿಂದ ಶಾಲೆಯವರೆಗಿನ ಹಾದಿಯಲ್ಲಿ. ಆ ಹಾದಿಗೆ ಕೊಡೆಯಿದೆ. ಗಾಜನ್ನು ತರಗತಿಗಾಗಿ ಆರಿಸಲಿ.